ಹಳೆಯ ಕಾರು ಎಷ್ಟು ಭಾರ ಎಳೆದೀತು?

ಸುಗ್ಗಿಯಲ್ಲಿ ಮಾನ್ವಿಯ ಭತ್ತವನ್ನಾಗಲಿ ದೇವದುರ್ಗದ ಹತ್ತಿಯನ್ನಾಗಲಿ ರಾಯಚೂರಿಗೆ ಸಾಗಿಸಲು ಬಾಡಿಗೆ ಗಾಡಿ ಹೇಳಿದ ಹೊತ್ತಿಗೆ ಸಿಕ್ಕುವುದಿಲ್ಲ. ಮನೆಯಲ್ಲಿ ಹಳೆಯ ಅಂಬಾಸಿಡರ್ ಇದ್ದ ರೈತರಿಗೆ, ಅದರ ಹಿಂದೆ ಚಿಕ್ಕ ಟ್ರೇಲರ್ ಕಟ್ಟಿ ನಾಲ್ಕಾರು ಚೀಲ ಒಯ್ದರೆ ಹೇಗೆ ಎಂಬ ಯೋಚನೆ ಬರುವುದು ಸಹಜ. 2014ರಲ್ಲಿ ತಯಾರಿಕೆ ನಿಂತ ಈ ಕಾರು ಗಟ್ಟಿಮುಟ್ಟು ಎಂದು ಹೆಸರಾದದ್ದು ನಿಜ. ಆದರೆ ಚೀಲ ಹೇರುವ ಮೊದಲು ಸ್ವಲ್ಪ ಲೆಕ್ಕ ಹಾಕಬೇಕು.

ಎತ್ತುಗಳ ಲೆಕ್ಕ ನಿಮಗೆ ಗೊತ್ತಿದೆ. 800 ಕಿಲೋ ತೂಗುವ ಜೋಡಿ ತನ್ನ ತೂಕದ ಹತ್ತನೇ ಒಂದು ಭಾಗ, ಅಂದರೆ ಸುಮಾರು 80 ಕಿಲೋ ಬಲದಿಂದ ಹೊತ್ತುಗಟ್ಟಲೆ ಎಳೆಯಬಲ್ಲದು. ಡಾಂಬರು ರಸ್ತೆಯಲ್ಲಿ 500 ಕಿಲೋ ತೂಕದ ಟ್ರೇಲರನ್ನು ಉರುಳಿಸಲು ಹತ್ತು ಕಿಲೋ ಬಲ ಸಾಕು. ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಿಬ್ಬದಲ್ಲಿ ಇನ್ನೂ 25 ಕಿಲೋ ಬೇಕು. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಾದರೆ 50 ಕಿಲೋ ಮೀರುತ್ತದೆ. ಅಲ್ಲಿ ಕಾರಿನ ಚಕ್ರ ಜಾರಿ ಕ್ಲಚ್ ಸುಡುವುದೇ ಹೆಚ್ಚು. ಒಣ ರಸ್ತೆಯಲ್ಲಿ ಮಾತ್ರ ಎಂಜಿನ್ ನಿರಾಯಾಸವಾಗಿ ಎಳೆಯುತ್ತದೆ. ರೈತರು ಮೋಸ ಹೋಗುವುದು ಇಲ್ಲಿಯೇ, ಏಕೆಂದರೆ ನಿಜವಾದ ತೊಂದರೆ ಇರುವುದು ನಿಲ್ಲಿಸುವುದರಲ್ಲಿ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ 12 ಮೀಟರಿನಲ್ಲಿ ನಿಲ್ಲುವ ಕಾರನ್ನು ತೆಗೆದುಕೊಳ್ಳಿ. ಅದರ ಹಿಂದೆ ಅದರಷ್ಟೇ ತೂಕದ, ಬ್ರೇಕ್ ಇಲ್ಲದ ಟ್ರೇಲರ್ ಇದ್ದರೆ ಅದೇ ಬ್ರೇಕಿಗೆ 24 ಮೀಟರ್ ಬೇಕು. ಜೊತೆಗೆ ಹಿಂದಿನ ಭಾರ ಕಾರನ್ನು ಓರೆಯಾಗಿ ನೂಕುತ್ತದೆ. ಸವೆದ ಲೈನಿಂಗ್, ಬಿಸಿಯಾದ ಡ್ರಮ್ ಇದ್ದರೆ ಇನ್ನೂ ದೂರ ಹೋಗುತ್ತದೆ.

ಆದುದರಿಂದ ಬ್ರೇಕ್ ಇಲ್ಲದ ಟ್ರೇಲರ್, ಸರಕೂ ಸೇರಿ, ಖಾಲಿ ಕಾರಿನ ತೂಕದ ಅರ್ಧವನ್ನು ಮೀರಬಾರದು. ಕಾರಿನ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಅಂಬಾಸಿಡರ್ ಸುಮಾರು 1,100 ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ ಮಿತಿ 550 ಕಿಲೋ. ಟ್ರೇಲರಿನ ತೂಕವೇ 200 ಕಿಲೋ ಆದರೆ ಉಳಿಯುವುದು 350 ಕಿಲೋ. 75 ಕಿಲೋ ಭತ್ತದ ಚೀಲ ನಾಲ್ಕೇ ಹಿಡಿದವು. ಇದು ಹೊಸ ಕಾರಿನ ಲೆಕ್ಕ. ಮೂವತ್ತು ವರ್ಷ ದುಡಿದ ಗಾಡಿಗೆ ನಾನಾದರೆ ಎರಡು ಚೀಲಕ್ಕಿಂತ ಹೆಚ್ಚು ಹೇರಲು ಹೇಳುವುದಿಲ್ಲ. ಅಷ್ಟಕ್ಕೆ ಟ್ರೇಲರ್ ಏಕೆ ಎಂದು ನೀವು ಕೇಳಿದರೆ ಅದೂ ಸರಿಯೇ. ಹತ್ತಿಯಲ್ಲಿ ಬೇರೆ ಅಪಾಯವಿದೆ: ತೂಕ ಕಡಿಮೆ ಎಂದು ಎತ್ತರಕ್ಕೆ ಒಟ್ಟಿದರೆ ಗಾಳಿಗೆ ಟ್ರೇಲರ್ ಓಲಾಡುತ್ತದೆ.

ಭಾರವನ್ನು ಅಚ್ಚಿನ ಮೇಲೆ, ತುಸು ಮುಂದಕ್ಕೆ ಇಡಬೇಕು. ಒಟ್ಟು ತೂಕದ ಹತ್ತನೇ ಒಂದು ಭಾಗದವರೆಗೆ ಕೊಂಡಿಯ ಮೇಲೆ ಬರಲಿ. ಹಿಂದಕ್ಕೆ ಹೇರಿದರೆ ಟ್ರೇಲರ್ ಬಾಲ ಆಡಿಸುತ್ತದೆ. ತೀರ ಮುಂದಕ್ಕೆ ಹೇರಿದರೆ ಹಿಂದಿನ ಪಾಟಾ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕೊಂಡಿಯನ್ನು ಬಂಪರಿಗೆ ಬಿಗಿದದ್ದನ್ನು ನಾನು ನೋಡಿದ್ದೇನೆ. ಇದು ಖಂಡಿತ ಕೂಡದು. ಅಂಬಾಸಿಡರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ತಳದ ತಗಡು ತುಕ್ಕು ಹಿಡಿದಿದ್ದರೆ ಕೊಂಡಿಗೆ ಆಧಾರವೇ ಇರುವುದಿಲ್ಲ. ಮೆಕ್ಯಾನಿಕ್‌ನಿಂದ ಕೆಳಗಿನಿಂದ ನೋಡಿಸಿ.

1988ರ ಮೋಟಾರು ವಾಹನ ಕಾಯ್ದೆಯಂತೆ ಟ್ರೇಲರೂ ಒಂದು ವಾಹನವೇ. ಅದರ ನೋಂದಣಿ ಮತ್ತು ವಿಮೆಯ ಬಗ್ಗೆ ರಾಯಚೂರಿನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದ ನಂತರವೇ ರಸ್ತೆಗೆ ಇಳಿಸಬೇಕು.