ಗೆಳೆಯರಿಗೆ ಯಾವ ಸಿನಿಮಾ ಹೇಳಲಿ?

ಪ್ರಶ್ನೆ: ಅಪ್ಪ, ಅವ್ವ ಬಾಗಲಕೋಟೆ ಕಡೆಯವರು. ನಾನು ಹುಟ್ಟಿ ಬೆಳೆದದ್ದು ಗೋವಾದ ವಾಸ್ಕೊದಲ್ಲಿ. ಮನೆಯಲ್ಲಿ ಕನ್ನಡ, ಹೊರಗೆ ಕೊಂಕಣಿ ಮತ್ತು ಹಿಂದಿ. ‘ನಿಮ್ಮ ಕನ್ನಡದ್ದೊಂದು ಒಳ್ಳೆ ಸಿನಿಮಾ ಹೇಳು’ ಎಂದು ಕಾಲೇಜಿನ ಗೆಳೆಯರು ಕೇಳುತ್ತಾರೆ. ‘ಕೆಜಿಎಫ್’, ‘ಕಾಂತಾರ’ ಎಂದರೆ ಅವನ್ನು ಆಗಲೇ ನೋಡಿಯಾಗಿದೆ ಎನ್ನುತ್ತಾರೆ. ಬೇರೆ ಯಾವುದನ್ನು ಹೇಳಲಿ? ಅವರ ಕೊಂಕಣಿಯಲ್ಲಿ ನಾನು ನೋಡಲೇಬೇಕಾದದ್ದು ಇದೆಯೇ?
ಒಬ್ಬ ಓದುಗ, ವಾಸ್ಕೊ, ಗೋವಾ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರ ಭಾಷೆಯ ಒಂದು ಚಿತ್ರವನ್ನು ನೀವು ಮನಸ್ಸಿಟ್ಟು ನೋಡಿ, ಅದರ ಬಗ್ಗೆ ಅವರ ಜೊತೆ ಮಾತಾಡಿದರೆ, ನೀವು ಹೇಳುವ ಕನ್ನಡ ಚಿತ್ರವನ್ನು ಅವರೂ ಮನಸ್ಸಿಟ್ಟು ನೋಡುತ್ತಾರೆ. ಸಿನಿಮಾ ಹಂಚಿಕೊಳ್ಳುವುದು ಕೊಟ್ಟು ಕೊಳ್ಳುವ ಕೆಲಸ.

ಲಕ್ಷ್ಮೀಕಾಂತ ಶೇಟಗಾಂವಕರ್ ಅವರ ‘ಪಲತಡಚೊ ಮುನೀಸ್’ (2009) ನೋಡಿ. ಗೋವಾ ಮತ್ತು ಕರ್ನಾಟಕದ ಗಡಿಗೆ ಹೊಂದಿದ ಸಹ್ಯಾದ್ರಿಯ ಕಾಡು. ಸೇತುವೆಯಾಚೆ ಒಂಟಿಯಾಗಿ ಬದುಕುತ್ತಿರುವ ಅರಣ್ಯ ರಕ್ಷಕ ವಿನಾಯಕ, ಹೆಂಡತಿ ತೀರಿಹೋಗಿದ್ದಾಳೆ. ಮನಸ್ಸು ಸ್ಥಿಮಿತದಲ್ಲಿಲ್ಲದ ಹೆಂಗಸೊಬ್ಬಳು ಅವನಿರುವ ಕಡೆ ಬರುತ್ತಾಳೆ. ಅವನು ಅವಳಿಗೆ ಅನ್ನ ಕೊಡುತ್ತಾನೆ, ಆಮೇಲೆ ಆಸರೆಯನ್ನೂ ಕೊಡುತ್ತಾನೆ. ಇದನ್ನು ಊರು ಒಪ್ಪುವುದಿಲ್ಲ. ಅದೇ ಊರು ಕಾಡಿನ ಜಾಗದಲ್ಲಿ ಕಾನೂನು ಮೀರಿ ದೇವಸ್ಥಾನ ಕಟ್ಟಲು ಹೊರಟಿರುತ್ತದೆ. ಯಾವುದು ಪುಣ್ಯ, ಯಾವುದು ಪಾಪ ಎಂದು ನಿರ್ದೇಶಕರು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಈ ಇಬ್ಬರ ಪಾತ್ರ ಮಾಡಿದ ಚಿತ್ತರಂಜನ್ ಗಿರಿ ಮತ್ತು ವೀಣಾ ಜಾಮ್ಕರ್ ನಡುವೆ ಮಾತು ತೀರಾ ಕಡಿಮೆ. ಹಾಗಾಗಿ ಕೊಂಕಣಿ ಅಷ್ಟಾಗಿ ಬಾರದ ನಿಮ್ಮ ಅವ್ವನನ್ನೂ ಕೂರಿಸಿಕೊಂಡು ನೋಡಬಹುದು. ಟೊರಾಂಟೊ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಪ್ರಶಸ್ತಿ ಪಡೆದ ಚಿತ್ರ ಇದು.

ಕನ್ನಡದ ಓದುಗರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಈ ಚಿತ್ರಕ್ಕೆ ಆಧಾರ ಮಹಾಬಳೇಶ್ವರ ಸೈಲರ ‘ಅದೃಷ್ಟ’ ಕಾದಂಬರಿ. ಸೈಲರು ನಮ್ಮ ಕಾರವಾರದ ಕಡೆ ಹುಟ್ಟಿ, ಸೇನೆಯಲ್ಲಿ ದುಡಿದು, ಕೊಂಕಣಿಯಲ್ಲಿ ಬರೆದು 2016ರ ಸರಸ್ವತಿ ಸಮ್ಮಾನ್ ಪಡೆದವರು. ನಿಮ್ಮ ಗೆಳೆಯರು ‘ನಮ್ಮ ಸಿನಿಮಾ’ ಎನ್ನುವ ಚಿತ್ರದ ಬೇರು ಕಾಳಿ ನದಿಯ ದಂಡೆಯಲ್ಲೂ ಇದೆ ಎನ್ನುವುದನ್ನು ಅವರಿಗೆ ಹೇಳಿ, ಖುಷಿಪಡುತ್ತಾರೆ.

ಗೋವಾವನ್ನು ಹೊರಗಿನವರು ಸಿನಿಮಾದಲ್ಲಿ ತೋರಿಸುತ್ತಲೇ ಬಂದಿದ್ದಾರೆ. ವಿಮೋಚನೆಯಾಗಿ ಏಳು ವರ್ಷಕ್ಕೆ, 1968ರಲ್ಲಿ, ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ‘ಗೋವಾದಲ್ಲಿ ಸಿಐಡಿ 999’ ಮಾಡಿತು. ಕನ್ನಡದ ಪತ್ತೇದಾರಿ ಚಿತ್ರಗಳಲ್ಲಿ ಅದಕ್ಕೊಂದು ಸ್ಥಾನವಿದೆ, ಅಪ್ಪನ ಜೊತೆ ನೋಡಲು ಚೆಂದ. ಆದರೆ ಅಲ್ಲಿಯ ಗೋವಾ ಕಳ್ಳಸಾಗಣೆದಾರರ ಬೆನ್ನು ಹತ್ತುವ ಜಾಗ, ಅಷ್ಟೇ. ಆಮೇಲಿನ ಹಿಂದಿ ಚಿತ್ರಗಳಲ್ಲಿ ಹೆಚ್ಚಿನವು ಕಡಲತೀರ ದಾಟಿ ಒಳಗೆ ಬರಲಿಲ್ಲ. ಶ್ಯಾಮ್ ಬೆನೆಗಲ್ ಅವರ ‘ತ್ರಿಕಾಲ್’ (1985) ಒಳಗೆ ಬಂದಿತು. ಪೋರ್ಚುಗೀಸರು ಹೊರಡುವ ಹೊತ್ತಿನಲ್ಲಿ ಒಂದು ದೊಡ್ಡ ಕ್ರೈಸ್ತ ಮನೆತನದೊಳಗೆ ಏನೇನು ಕುಸಿಯುತ್ತದೆ ಎನ್ನುವ ಕಥೆ. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಅವರ ಲೌಟೊಲಿಮ್ ಮನೆಯಲ್ಲೇ ಚಿತ್ರೀಕರಣವಾಯಿತು. ಛಾಯಾಗ್ರಾಹಕ ಅಶೋಕ್ ಮೆಹ್ತಾ ರಾತ್ರಿಯ ದೃಶ್ಯಗಳಿಗೆ ಮೇಣದಬತ್ತಿಯ ಬೆಳಕು ಕೊಟ್ಟಿದ್ದಾರೆ. ಮುಖದ ಅರ್ಧ ಕಾಣುತ್ತದೆ, ಅರ್ಧ ಕತ್ತಲಲ್ಲಿ ಉಳಿಯುತ್ತದೆ. ಲೀಲಾ ನಾಯ್ಡು ಅವರ ದೋನಾ ಮಾರಿಯಾಳನ್ನು ಆ ಬೆಳಕಲ್ಲಿ ನೋಡಿದವರು ಮರೆಯಲಾರರು.

ಮತ್ತೆ ಕೊಂಕಣಿಗೆ ಬರೋಣ. ಹಾಡು ಇಷ್ಟವಾದರೆ ಬಾರ್ಡ್ರಾಯ್ ಬರೆಟ್ಟೊ ಅವರ ‘ನಾಚೊಂಯಾ ಕುಂಪಾಸಾರ್’. ಸಂಗೀತಗಾರ ಕ್ರಿಸ್ ಪೆರಿ ಮತ್ತು ಗಾಯಕಿ ಲೋರ್ನಾ ಅವರ ಬದುಕಿನಿಂದ ಪ್ರೇರಿತವಾದ ಈ ಚಿತ್ರದ ತುಂಬ ಪೆರಿಯವರದೇ ಹಳೆಯ ಹಾಡುಗಳಿವೆ. ಮುಂಬೈ ಸಿನಿಮಾಗಳ ವಾದ್ಯವೃಂದದಲ್ಲಿ ಗೋವಾದವರು ತುಂಬಿದ್ದ ಕಾಲದ ಕಥೆ. ಪರದೆಯ ಮೇಲೆ ಹೆಸರೇ ಬಾರದೆ ಹೋದ ಆ ಪಿಟೀಲು, ಸ್ಯಾಕ್ಸೊಫೋನ್ ವಾದಕರಿಗೆ ಸಲ್ಲಿಸಿದ ಗೌರವ ಎಂದೇ ನಾನು ಅದನ್ನು ನೋಡುತ್ತೇನೆ. ಮಿರಾನ್ಶಾ ನಾಯ್ಕ್ ಅವರ ‘ಜುಝೆ’ (2017) ಇದಕ್ಕೆ ತದ್ವಿರುದ್ಧ. ವಲಸೆ ಬಂದ ಕೂಲಿಕಾರರಿಗೆ ಜೋಪಡಿ ಕೊಟ್ಟು ಅವರ ಮೇಲೆ ದರ್ಪ ನಡೆಸುವ ಒಬ್ಬ, ಅವನಿಗೆ ಎದುರು ನಿಲ್ಲುವ ಹುಡುಗ ಸಂತೋಷ. ಕಠಿಣವಾದ ಚಿತ್ರ. ಊರು ಬಿಟ್ಟು ದುಡಿಯಲು ಬಂದವರ ಮನೆಯ ಮಗನಾಗಿ ನೀವು ಇದನ್ನು ನೋಡಬೇಕು. ಇದನ್ನು ಮಾಡಿದವರು ಗೋವಾದವರೇ, ತಮ್ಮ ಮಣ್ಣಿನ ಅನ್ಯಾಯವನ್ನು ತಾವೇ ತೋರಿಸಿದ್ದಾರೆ ಎನ್ನುವುದನ್ನೂ ಗಮನಿಸಬೇಕು.

ಈಗ ನೀವು ಕೊಡಬೇಕಾದದ್ದಕ್ಕೆ ಬರೋಣ. ಕನ್ನಡದ್ದು ಎಂದೊಡನೆ ತಿಳಿದವರು ‘ಸಂಸ್ಕಾರ’ದ ಹೆಸರು ಹೇಳುತ್ತಾರೆ. ದೊಡ್ಡ ಚಿತ್ರ, ಸಂಶಯವಿಲ್ಲ. ಆದರೆ ಹೊಸಬರಿಗೆ ಮೊದಲು ಅದನ್ನು ತೋರಿಸಬೇಡಿ ಎನ್ನುವುದು ನನ್ನ ಸಲಹೆ. ಅಗ್ರಹಾರದ ಒಳಸುಳಿ ತಿಳಿಯದವರಿಗೆ ಅದರ ಬಿಗಿ ಅರ್ಧವೇ ತಲುಪುತ್ತದೆ. ಕಡಲು ಕಂಡವರಿಗೆ ಕಡಲಿನ ಚಿತ್ರ ಕೊಡಿ: ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008).

ಕುಂದಾಪುರದ ಕಡೆಯ ಮೀನುಗಾರರ ದ್ವೀಪ, 1990ರ ದಶಕದ ಕೊನೆ. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಒಂದು ಮನೆಯವರು ಅವಳಿಗೆ ಡಿಶ್ ಸಮೇತ ಬಣ್ಣದ ಟಿವಿ ಕೊಡಿಸುತ್ತಾರೆ. ಗಂಡಸರು ಮೀನಿಗೆ ಹೋದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರತೊಡಗುತ್ತಾರೆ. ಇಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಗಮನಿಸಿ. ಕೆಲವರು ಒಳಗೆ ಬಂದು ಕೂರುತ್ತಾರೆ. ಮುಸ್ಲಿಮಳ ಮನೆ ಎಂದು ಒಳಗೆ ಕಾಲಿಡದವರು ಹೊರಗಿನಿಂದಲೇ ಇಣುಕಿ ನೋಡುತ್ತಾರೆ. ಕೆಲವರು ಆ ಕಡೆ ಸುಳಿಯುವುದೇ ಇಲ್ಲ. ಒಂದು ಊರಿನ ಒಳಬಿರುಕನ್ನೆಲ್ಲ ಕಾಸರವಳ್ಳಿ ಆ ಹೊಸ್ತಿಲ ಆಚೆ ಈಚೆ ಇಟ್ಟಿದ್ದಾರೆ. ಅತ್ತೆಯ ಕಾಟದಲ್ಲಿ ನವೆಯುವ ನೇತ್ರು ಗುಲಾಬಿಯ ಹತ್ತಿರ ಮನಸ್ಸು ಬಿಚ್ಚುವುದೂ ಅದೇ ಟಿವಿಯ ಮುಂದೆ. ಅಷ್ಟರಲ್ಲಿ ಕಾರ್ಗಿಲ್ ಯುದ್ಧದ ಸುದ್ದಿ ಬರುತ್ತದೆ, ಸಣ್ಣ ದೋಣಿಯವರಿಗೂ ದೊಡ್ಡ ಬೋಟಿನ ಮಾಲೀಕನಿಗೂ ಜಗಳ ಹತ್ತುತ್ತದೆ. ಎರಡೂ ಸೇರಿ ಊರು ಹೇಗೆ ಬದಲಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ, ನೀವೂ ಗೆಳೆಯರಿಗೆ ಹೇಳಬೇಡಿ. ವೈದೇಹಿಯವರ ಮೂಲ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಅದು ಟಿವಿಯಾಗಿದೆ. ಈ ಬದಲಾವಣೆ ನನಗೆ ಸರಿ ಎನಿಸುತ್ತದೆ. ಟಾಕೀಸಿಗೆ ಟಿಕೆಟ್ ಕೊಂಡವರೆಲ್ಲ ಹೋಗಬಹುದು, ಇನ್ನೊಬ್ಬರ ಮನೆಯೊಳಗೆ ಹೋಗಲು ಮನಸ್ಸು ಬೇಕು. ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ಸಾಲು ಸಾಲು ಟ್ರಾಲರು ನಿಲ್ಲುವ ವಾಸ್ಕೊದ ಖಾರಿವಾಡದಲ್ಲಿ ಓಡಾಡುವ ನಿಮ್ಮ ಗೆಳೆಯರಿಗೆ ಬೋಟಿನ ಜಗಳವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದಾಗಿ ಅದೇ ನಿರ್ದೇಶಕರ ‘ದ್ವೀಪ’ (2002). ಅಣೆಕಟ್ಟಿನ ನೀರು ಏರುತ್ತಿದೆ, ಊರು ಖಾಲಿಯಾಗಿದೆ, ಒಂದು ಕುಟುಂಬ ಮಾತ್ರ ಉಳಿದಿದೆ. ಮಳೆ ಇಡೀ ಚಿತ್ರದ ಉದ್ದಕ್ಕೂ ಸುರಿಯುತ್ತದೆ. ಮನೆ ಉಳಿಸಲು ಜೀವ ತೇಯುವವಳು ಸೊಸೆ ನಾಗಿ. ಆ ದುಡಿಮೆಗೆ ಮನೆಯವರಲ್ಲಿ ಎಷ್ಟು ಬೆಲೆ ಎಂಬುದು ಚಿತ್ರದ ನಿಜವಾದ ಪ್ರಶ್ನೆ. ನಾಗಿಯಾಗಿ ನಟಿಸಿದ ಸೌಂದರ್ಯ ಅವರೇ ನಿರ್ಮಾಪಕಿ. ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದಿತು. ಕಾದಂಬರಿ ನಾ. ಡಿಸೋಜರದು. ಮನೆಮಾತು ಕೊಂಕಣಿಯಾದ ಅವರು ಲೋಕೋಪಯೋಗಿ ಇಲಾಖೆಯಲ್ಲಿದ್ದು, ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡು, ಕನ್ನಡದಲ್ಲಿ ಬರೆದರು. ಗೋವಾದಲ್ಲಿ ಇದನ್ನು ತೋರಿಸಲು ಬೇರೆ ಕಾರಣವೂ ಇದೆ. ಸಾಂಗೇ ತಾಲ್ಲೂಕಿನ ಕುರ್ಡಿ ಎಂಬ ಊರು ಸಾಳಾವಳಿ ಅಣೆಕಟ್ಟಿನಲ್ಲಿ ಮುಳುಗಿದೆ. ಗಾಯಕಿ ಮೊಗುಬಾಯಿ ಕುರ್ಡೀಕರ್ ಅವರ ಊರು ಅದು. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಅವಶೇಷ ಮೇಲೆ ಬರುತ್ತದೆ, ಊರು ಬಿಟ್ಟವರು ಬಂದು ಸೇರುತ್ತಾರೆ. ನಿಮ್ಮ ಗೆಳೆಯರಲ್ಲಿ ಕುರ್ಡಿಯ ಹೆಸರು ಕೇಳದವರು ಕಡಿಮೆ. ‘ದ್ವೀಪ’ವನ್ನು ಅವರು ತಮ್ಮದೇ ಕಥೆಯಂತೆ ನೋಡುತ್ತಾರೆ.

ನಗುತ್ತ ಶುರು ಮಾಡೋಣ ಎನ್ನುವವರಿಗೆ ರಾಮ್ ರೆಡ್ಡಿಯವರ ‘ತಿಥಿ’. ಮಂಡ್ಯ ಸೀಮೆಯ ಹಳ್ಳಿ, ನೂರು ದಾಟಿದ ಸೆಂಚುರಿ ಗೌಡನ ಸಾವು, ಹನ್ನೊಂದನೆಯ ದಿನದ ಊಟದೊಳಗೆ ಮಗ, ಮೊಮ್ಮಗ, ಮರಿಮಗ ಮಾಡುವ ಒಂದೊಂದು ಅವಾಂತರ. ನಟಿಸಿದವರು ಹಳ್ಳಿಯ ಜನವೇ. ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದಿತು. ನಿಮ್ಮ ವಯಸ್ಸಿನವರ ಕಥೆಯೇ ಬೇಕಾದರೆ ಪೃಥ್ವಿ ಕೊಣನೂರರ ‘ಹದಿನೇಳೆಂಟು’. ಇಬ್ಬರು ವಿದ್ಯಾರ್ಥಿಗಳ ಖಾಸಗಿ ವಿಡಿಯೊ ಹೊರಬಿದ್ದ ಮೇಲೆ ಕಾಲೇಜು, ಜಾತಿ, ಕಾನೂನು ಎಲ್ಲವೂ ಹೇಗೆ ಮೇಲೆ ಬೀಳುತ್ತವೆ ಎಂಬುದನ್ನು ಕಣ್ಣು ಮಿಟುಕಿಸದೆ ತೋರಿಸುತ್ತದೆ. 2022ರಲ್ಲಿ ಪಣಜಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇಂಡಿಯನ್ ಪನೋರಮಾ ವಿಭಾಗ ಶುರುವಾದದ್ದೇ ಈ ಕನ್ನಡ ಚಿತ್ರದಿಂದ.

ಹೇಳುವ ರೀತಿಯ ಬಗ್ಗೆಯೂ ಒಂದು ಮಾತು. ಪ್ರಶಸ್ತಿಗಳ ಪಟ್ಟಿ ಒಪ್ಪಿಸಿದರೆ ಯಾರೂ ಸಿನಿಮಾ ನೋಡುವುದಿಲ್ಲ. ನಿಮ್ಮನ್ನು ತಟ್ಟಿದ ಒಂದೇ ದೃಶ್ಯ ಹೇಳಿ, ಕಥೆ ಬಿಡಿ. ಲಿಂಕ್ ಕಳಿಸಿ ಸುಮ್ಮನಾಗಬೇಡಿ. ಜೊತೆಗೆ ಕೂತು ನೋಡಿ. ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ. ಕುಂದಾಪುರದ ಮಾತು, ಮಂಡ್ಯದ ಮಾತು ನಿಮಗೇ ಅಲ್ಲಲ್ಲಿ ತಡವಾಗಿ ತಿಳಿಯಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಚಿತ್ರ ಮುಗಿದ ಕೂಡಲೇ ‘ಹೇಗಿತ್ತು?’ ಎಂದು ಕೇಳಬೇಡಿ. ನಿಧಾನವಾದ ಚಿತ್ರಕ್ಕೆ ಮಾತು ಮರುದಿನ ಹುಟ್ಟುತ್ತದೆ.

ಕೊನೆಯದಾಗಿ, ಮೇಲೆ ಹೇಳಿದ ಪಣಜಿಯ ಅಂತರರಾಷ್ಟ್ರೀಯ ಚಿತ್ರೋತ್ಸವ. 1952ರಲ್ಲಿ ಮುಂಬೈಯಲ್ಲಿ ಶುರುವಾದ ಅದು 2004ರಿಂದ ಗೋವಾದಲ್ಲೇ ನಡೆಯುತ್ತಿದೆ. ಬೆಂಗಳೂರು, ಧಾರವಾಡದಿಂದ ಸಿನಿಮಾ ಆಸಕ್ತರು ರಾತ್ರಿ ಬಸ್ಸು ಹಿಡಿದು ಅದಕ್ಕೆ ಬರುತ್ತಾರೆ. ನಿಮಗೆ ಅದು ವಾಸ್ಕೊದಿಂದ ಕದಂಬ ಬಸ್ಸಿನ ದೂರ. ನವೆಂಬರಿನ ಉತ್ಸವಕ್ಕೆ ಮುಂಚೆಯೇ ನೋಂದಣಿ ತೆರೆಯುತ್ತದೆ. ಪನೋರಮಾ ಪಟ್ಟಿ ಬಂದ ದಿನವೇ ಅದರಲ್ಲಿ ಒಂದು ಕನ್ನಡ, ಒಂದು ಕೊಂಕಣಿ ಚಿತ್ರ ಗುರುತು ಹಾಕಿಕೊಳ್ಳಿ, ಗೆಳೆಯರನ್ನು ಕರೆದುಕೊಂಡು ಹೋಗಿ. ನೋಡಿ ಬಂದ ಮೇಲೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ನಮಗೂ ಬರೆಯಿರಿ.