ಕರಕರ ಎನ್ನುವ ಮೈಕ್ ಸೆಟ್: ಕೆಟ್ಟಿತ್ತೋ, ಕೊಳೆಯಾಗಿತ್ತೋ?



ಹೋದ ಜನವರಿ 26ರ ಬೆಳಿಗ್ಗೆ ನಡೆದದ್ದು ನಿಮಗೆಲ್ಲ ನೆನಪಿರಬಹುದು. ನಾಲ್ಕನೇ ತರಗತಿಯ ಹುಡುಗಿ ಅಂಬೇಡ್ಕರ್ ಅವರ ಬಗ್ಗೆ ಭಾಷಣ ಮಾಡುತ್ತಿದ್ದಳು. ಮೈಕು ಕರಕರ ಎಂದಿತು. ಒಂದು ಸಲ ಧ್ವನಿ ನಿಂತೇ ಹೋಯಿತು, ಆಮೇಲೆ ಇದ್ದಕ್ಕಿದ್ದಂತೆ ಜೋರಾಯಿತು. ನಾವೆಲ್ಲ ನಕ್ಕೆವು. ಅವಳು ಅರ್ಧಕ್ಕೇ ನಿಲ್ಲಿಸಿ ಅಳುತ್ತಾ ಕೆಳಗಿಳಿದಳು. ಆ ತಪ್ಪು ಅವಳದ್ದಲ್ಲ, ನನ್ನದು. ಹೇಗೆ ಎಂಬುದನ್ನು ಈ ಪಾಠದಲ್ಲಿ ಬರೆದಿದ್ದೇನೆ.

ಆ ಆಂಪ್ಲಿಫೈಯರ್ ನಮ್ಮ ತಾತನದು. ಒಂದು ಕಾಲದಲ್ಲಿ ಮದುವೆಗೆ, ಹರಿಕಥೆಗೆ, ಶಿವರಾತ್ರಿಯ ಆವಣಿ ಜಾತ್ರೆಗೆ ತಾತ ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ಈಗ ಶಾಲೆಯ ಧ್ವಜಾರೋಹಣಕ್ಕೆ ಮಾತ್ರ ಕೊಡುತ್ತಾರೆ. ಉಳಿದ ದಿನ ಅದು ನಮ್ಮ ಮಾವಿನಕಾಯಿ ಶೆಡ್ಡಿನಲ್ಲಿ ಇರುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಲಾರಿ ಓಡಾಡಿ ಎಷ್ಟು ದೂಳು ಏಳುತ್ತದೆ ಎಂದು ನಿಮಗೇ ಗೊತ್ತು.

ಅಂದು ಮನೆಯಲ್ಲಿ ಅಪ್ಪ, "ಇದನ್ನ ಗುಜರಿಗೆ ಹಾಕೋಣ" ಅಂದರು. ತಾತ ಏನೂ ಮಾತಾಡಲಿಲ್ಲ. ಮಾರನೆಯ ದಿನ ನನ್ನನ್ನೂ ಸೆಟ್ಟನ್ನೂ ಬಸ್ಸಿನಲ್ಲಿ ಮುಳಬಾಗಿಲಿಗೆ ಕರೆದುಕೊಂಡು ಹೋದರು. ಅಲ್ಲಿ ನಮ್ಮ ಮಾವ ರೇಡಿಯೊ ರಿಪೇರಿ ಮಾಡುತ್ತಾರೆ.

ಕಂಟ್ರೋಲಿನ ಒಳಗೆ ಏನಿದೆ?

ಸೌಂಡ್ ಹೆಚ್ಚು ಕಡಿಮೆ ಮಾಡಲು ನಾವು ತಿರುಗಿಸುವ ಗುಂಡಿಯ ಹಿಂದೆ ಒಂದು ಕಂಟ್ರೋಲ್ ಇರುತ್ತದೆ. ಅದರೊಳಗೆ ಕುದುರೆ ಲಾಳದ ಆಕಾರದ ಕಪ್ಪು ಇಂಗಾಲದ ಪಟ್ಟಿ ಇದೆ. ಅದರ ಮೇಲೆ ಲೋಹದ ಒಂದು ಚಿಕ್ಕ ಬೆರಳು ಜಾರುತ್ತದೆ. ಕೆರೆಯ ತೂಬು ಎತ್ತಿದಷ್ಟು ನೀರು ಬರುವ ಹಾಗೆ, ಬೆರಳು ಪಟ್ಟಿಯ ಮೇಲೆ ಎಲ್ಲಿ ನಿಂತಿದೆಯೋ ಅದಕ್ಕೆ ತಕ್ಕಷ್ಟು ಧ್ವನಿಯ ವಿದ್ಯುತ್ತು ಮುಂದೆ ಹೋಗುತ್ತದೆ. ಮಧ್ಯೆ ದೂಳು ಸೇರಿದರೆ ಬೆರಳು ಪಟ್ಟಿಗೆ ತಗುಲುತ್ತದೆ, ಬಿಡುತ್ತದೆ, ಮತ್ತೆ ತಗುಲುತ್ತದೆ. ಅದೇ ಕರಕರ ಶಬ್ದ.

ಸ್ವಿಚ್ಚಿನ ಕಥೆಯೂ ಹೀಗೇ. ಒಳ್ಳೆಯ ಸ್ವಿಚ್ಚುಗಳಲ್ಲಿ ತಗುಲುವ ಜಾಗಕ್ಕೆ ಬೆಳ್ಳಿಯ ಲೇಪ ಇರುತ್ತದೆ. ಕಾಲ್ಗೆಜ್ಜೆ ಕಪ್ಪಾಗುವುದನ್ನು ನೋಡಿದ್ದೀರಲ್ಲ? ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಬೆಳ್ಳಿಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ಚಿನ್ನ ಹೀಗೆ ಕಪ್ಪಾಗುವುದಿಲ್ಲ. ಆದ್ದರಿಂದಲೇ ಬೆಲೆಬಾಳುವ ಯಂತ್ರಗಳ ಪಿನ್ನುಗಳಿಗೆ ಚಿನ್ನದ ತೆಳು ಲೇಪ ಕೊಡುತ್ತಾರೆ. ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದು ತೆಗೆಯುತ್ತಿದ್ದದ್ದು ಇದೇ ಚಿನ್ನವನ್ನು. ಆ ಗಣಿಗಳು 2001ರಲ್ಲಿ ಮುಚ್ಚಿದವು.

ನಾನು ಮಾಡಿದ ತಪ್ಪು

ಹೋದ ಗಣೇಶನ ಹಬ್ಬದಲ್ಲೂ ಸ್ವಲ್ಪ ಕರಕರ ಅನ್ನುತ್ತಿತ್ತು. ನಾನು ಯಾರನ್ನೂ ಕೇಳದೆ ಕಂಟ್ರೋಲ್‌ಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಶಬ್ದ ನಿಂತಿತು. ನಾನೇ ರಿಪೇರಿ ಮಾಡಿದೆ ಎಂದು ಹೆಮ್ಮೆಪಟ್ಟೆ. ಆದರೆ ಎಣ್ಣೆ ದೂಳನ್ನು ಹಿಡಿದಿಟ್ಟುಕೊಂಡಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಜನವರಿಯ ಚಳಿಯಲ್ಲಿ ಒಳಗೆ ಹೆಪ್ಪುಗಟ್ಟಿ ಬೆರಳು ಪಟ್ಟಿಗೆ ಸರಿಯಾಗಿ ತಗುಲಲೇ ಇಲ್ಲ. ಮಾವ ಬಿಚ್ಚಿ ಮೂಸಿ ನೋಡಿ, "ಏನಪ್ಪಾ, ತಲೆಗೆ ಹಚ್ಚೋ ಎಣ್ಣೇನ ಇದಕ್ಕೂ ಹಚ್ಚಿದೀಯಾ?" ಅಂದರು. ತಾತ ನನ್ನ ಕಡೆ ನೋಡಿದರು. ಬೈಯಲಿಲ್ಲ. ಅದೇ ನನಗೆ ಹೆಚ್ಚು ಬೇಜಾರಾಯಿತು.

ಶುಚಿ ಮಾಡುವ ವಿಧಾನ

1. ಪ್ಲಗ್ಗನ್ನು ಕಿತ್ತು ದೂರ ಇಡಬೇಕು. ಸ್ವಿಚ್ ಆಫ್ ಮಾಡಿದರೆ ಮಾತ್ರ ಸಾಲದು. ಒಳಗಿನ ದೊಡ್ಡ ಕಂಡೆನ್ಸರ್‌ಗಳಲ್ಲಿ ಕರೆಂಟ್ ತೆಗೆದ ಮೇಲೂ ವಿದ್ಯುತ್ತು ಉಳಿದಿರುತ್ತದೆ. ಹಳೆಯ ವಾಲ್ವ್ ಸೆಟ್ಟುಗಳಲ್ಲಿ ಅದು 300 ವೋಲ್ಟಿಗಿಂತ ಹೆಚ್ಚಿರಬಹುದು, ಪ್ರಾಣವನ್ನೇ ತೆಗೆಯಬಹುದು. ಆದ್ದರಿಂದ ಮುಚ್ಚಳ ತೆಗೆಯುವ ಕೆಲಸ ಗೊತ್ತಿರುವ ದೊಡ್ಡವರದ್ದೇ.

2. ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಣ ದೂಳು ತೆಗೆಯಬೇಕು.

3. ಕಂಟ್ರೋಲಿನ ಕಾಲುಗಳ ಹತ್ತಿರದ ಸಂದಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೂರು ನಾಲ್ಕು ಹನಿ ಬಿಡಬೇಕು. ಮೊಬೈಲ್ ರಿಪೇರಿಯವರು ಇದನ್ನು ಐ.ಪಿ.ಎ. ಅನ್ನುತ್ತಾರೆ. ಇದು ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ಬೆಂಕಿ ಇರಬಾರದು.

4. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ 25-30 ಸಲ ತಿರುಗಿಸಬೇಕು. ನನ್ನ ಎಣ್ಣೆ ಹೋಗಲು ಮೂರು ಸಲ ಹೀಗೆ ತೊಳೆಯಬೇಕಾಯಿತು.

5. ಸ್ವಿಚ್ಚಿಗೂ ಹನಿ ಬಿಟ್ಟು ಅಷ್ಟೇ ಸಲ ಹಾಕಿ ತೆಗೆಯಬೇಕು. ಮರಳು ಕಾಗದದಿಂದ ಉಜ್ಜಬಾರದು, ಬೆಳ್ಳಿಯ ಲೇಪವೇ ಹೋಗುತ್ತದೆ. ಆಲ್ಕೊಹಾಲಿನಲ್ಲಿ ಅದ್ದಿದ ಬಿಳಿ ಕಾಗದದ ಚೂರನ್ನು ಸಂದಿಯಲ್ಲಿ ಎಳೆದರೆ ಸಾಕು.

6. ಪೂರ್ತಿ ಒಣಗಿದ ಮೇಲೆಯೇ ಕರೆಂಟ್ ಕೊಡಬೇಕು.

ಯಾವಾಗ ತೊಳೆದರೆ ಪ್ರಯೋಜನವಿಲ್ಲ?

ಐದು ಕಂಟ್ರೋಲ್‌ಗಳಲ್ಲಿ ನಾಲ್ಕು ಸರಿಯಾದವು. ಐದನೆಯದರಲ್ಲಿ ಪಟ್ಟಿಯೇ ಸವೆದಿತ್ತು. ಮಾವ ಮೀಟರನ್ನು ಒಂದು ತುದಿಗೂ ಮಧ್ಯದ ಕಾಲಿಗೂ ಹಿಡಿದು ಗುಂಡಿ ತಿರುಗಿಸಿದರು. ಒಂದು ಜಾಗದಲ್ಲಿ ಅಂಕಿ ಎಗರಿತು. "ದೂಳನ್ನ ತೊಳೀಬೌದು, ಸವೆದದ್ದನ್ನ ತೊಳೆಯಕ್ಕಾಗಲ್ಲ" ಅಂದರು. ಹೊಸದು ಹಾಕುವಾಗ ಅದರ ಮೇಲೆ ಬರೆದ ಅಕ್ಷರ ನೋಡಬೇಕಂತೆ. ವಾಲ್ಯೂಮಿಗೆ ಎ ಗುರುತಿನದು ಸರಿ. ಅದರಲ್ಲಿ ಧ್ವನಿ ನಮ್ಮ ಕಿವಿಗೆ ಹೊಂದುವಂತೆ ನಿಧಾನವಾಗಿ ಏರುತ್ತದೆ. ಬಿ ಗುರುತಿನದು ಹಾಕಿದರೆ ಸ್ವಲ್ಪ ತಿರುಗಿಸಿದ ಕೂಡಲೇ ಜೋರಾಗಿಬಿಡುತ್ತದೆ.

ಸಂಜೆ ತಾತ ಮೈಕು ಹಿಡಿದು "ಹಲೋ, ಹಲೋ" ಅಂದರು. ಸ್ವಲ್ಪವೂ ಕರಕರ ಇರಲಿಲ್ಲ. ಈಗ ಸೆಟ್ಟಿಗೆ ಅಜ್ಜಿಯ ಹಳೇ ಸೀರೆ ಹೊದಿಸಿ ಇಟ್ಟಿದ್ದೇವೆ.

ನಾನು ಆ ಹುಡುಗಿಯ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಆಗಸ್ಟ್ 15ಕ್ಕೆ ಅದೇ ಭಾಷಣ ಮತ್ತೆ ಮಾಡು ಎಂದು ಕೇಳಿದ್ದೇನೆ. ಇನ್ನೂ ಒಪ್ಪಿಲ್ಲ. ನೀವೂ ಅವಳಿಗೆ ಧೈರ್ಯ ಹೇಳಿ. ಈ ಸಲ ನಗಬೇಡಿ.

ಯೋಚಿಸಿ ಹೇಳಿ: ಸವೆದ ಪಟ್ಟಿ ಎಲ್ಲ ಕಡೆ ಸಮವಾಗಿ ಸವೆಯದೆ ಒಂದೇ ಜಾಗದಲ್ಲಿ ಸವೆದಿತ್ತು. ಯಾಕೆ? ಉತ್ತರವನ್ನು ಚೀಟಿಯಲ್ಲಿ ಬರೆದು ವಿಜ್ಞಾನದ ಮೇಷ್ಟ್ರಿಗೆ ಕೊಡಿ.

- ಎಂಟನೇ ತರಗತಿಯ ವಿದ್ಯಾರ್ಥಿ