ಬೇಡವೆಂದು ಬಿಟ್ಟದ್ದು ಆಟದೊಳಗೇ ಉಳಿಯುವುದೇಕೆ?

ಪ್ರಶ್ನೆ: ಸರ್, ‘ಜಿಟಿಎ: ಸ್ಯಾನ್ ಆಂಡ್ರಿಯಾಸ್’ ಆಟದಲ್ಲಿ ಕಂಪನಿಯವರು ಬಚ್ಚಿಟ್ಟಿದ್ದ ಒಂದು ಭಾಗವನ್ನು ಯಾರೋ ಹುಡುಕಿ ತೆಗೆದು, ಅದರಿಂದ ದೊಡ್ಡ ಗಲಾಟೆ ಆಯಿತು ಎಂದು ನಮ್ಮಣ್ಣ ಹೇಳುತ್ತಾನೆ. ಬೇಡವಾದದ್ದನ್ನು ಅಳಿಸಿಯೇ ಬಿಡಬಹುದಲ್ಲ? ಬೇರೆ ಆಟಗಳಲ್ಲೂ ಹೀಗೆ ಇರುತ್ತದೆಯೇ?
– ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಗಲಾಟೆ ಆದದ್ದು ನಿಜ. ಆದರೆ ಅವರು ಬಚ್ಚಿಟ್ಟಿರಲಿಲ್ಲ, ಕಿತ್ತುಹಾಕುವ ಗೋಜಿಗೆ ಹೋಗಿರಲಿಲ್ಲ, ಅಷ್ಟೆ.

ಆ ಆಟದಲ್ಲಿ ನಾಯಕ ಸಿಜೆ ಗೆಳತಿಯನ್ನು ಸುತ್ತಾಡಿಸಿ ಮನೆಗೆ ಬಿಟ್ಟಾಗ, ಕೆಲವೊಮ್ಮೆ ಆಕೆ ಕಾಫಿಗೆಂದು ಒಳಗೆ ಕರೆಯುತ್ತಾಳೆ. ಕ್ಯಾಮೆರಾ ಹೊರಗೇ ನಿಲ್ಲುತ್ತದೆ. ನಮಗೆ ಕೇಳಿಸುವುದು ದನಿ ಮಾತ್ರ. ತಯಾರಿಯ ಹಂತದಲ್ಲಿ ಕ್ಯಾಮೆರಾ ಒಳಗೂ ಹೋಗುತ್ತಿತ್ತು. ವಯಸ್ಕರ ಆ ದೃಶ್ಯ ಬೇಡವೆಂದು ತೀರ್ಮಾನವಾದ ಮೇಲೆ ರಾಕ್‌ಸ್ಟಾರ್ ಕಂಪನಿಯವರು ಅಲ್ಲಿಗೆ ಹೋಗುವ ದಾರಿಯನ್ನಷ್ಟೇ ಮುಚ್ಚಿದರು. 2004ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ, 2005ರ ಜೂನ್‌ನಲ್ಲಿ ಕಂಪ್ಯೂಟರಿಗೆ ಆಟ ಬಂತು. ಕಂಪ್ಯೂಟರ್ ಆವೃತ್ತಿ ಬಂದು ಹೆಚ್ಚು ದಿನ ಆಗಿರಲಿಲ್ಲ, ನೆದರ್ಲೆಂಡ್ಸ್‌ನ ಪ್ಯಾಟ್ರಿಕ್ ವಿಲ್ಡೆನ್‌ಬೋರ್ಗ್ ‘ಹಾಟ್ ಕಾಫಿ’ ಎಂಬ ಮೋಡ್ (ಆಟವನ್ನು ಮಾರ್ಪಡಿಸುವ ಪುಟ್ಟ ತಂತ್ರಾಂಶ) ಮಾಡಿ ಆ ದಾರಿ ತೆರೆದುಬಿಟ್ಟರು.

ಇದೆಲ್ಲ ಹ್ಯಾಕರ್‌ಗಳ ಕೈವಾಡ ಎಂದು ಕಂಪನಿ ಮೊದಲು ಜಾರಿಕೊಳ್ಳಲು ನೋಡಿತು. ಆ ವಾದ ನಿಲ್ಲಲಿಲ್ಲ. ಪ್ಲೇಸ್ಟೇಷನ್ ಡಿಸ್ಕಿನ ಮೇಲೆ ಮನೆಯಲ್ಲಿ ಕೂತು ಯಾರೂ ಹೊಸದಾಗಿ ಬರೆಯಲಾರರು. ಆದರೂ ಚೀಟ್ ಸಾಧನದಲ್ಲಿ ಕೋಡ್ ಕೊಟ್ಟರೆ ಅದೇ ದೃಶ್ಯ ಅಲ್ಲೂ ತೆರೆದುಕೊಂಡಿತು. ಡಿಸ್ಕ್ ಅಚ್ಚಾಗುವಾಗಲೇ ಅದು ಒಳಗಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅಮೆರಿಕದ ರೇಟಿಂಗ್ ಮಂಡಳಿ ಇಎಸ್‌ಆರ್‌ಬಿ, 17 ದಾಟಿದವರಿಗೆ ಎಂದಿದ್ದ ಗುರುತನ್ನು 2005ರ ಜುಲೈ 20ರಂದು 18 ದಾಟಿದವರಿಗೆ ಮಾತ್ರ ಎಂದು ಬದಲಿಸಿತು. ಒಂದೇ ವರ್ಷದ ವ್ಯತ್ಯಾಸ ತಾನೇ ಅನ್ನಬೇಡಿ. ಆ ಎರಡನೆಯ ಗುರುತು ಬಿದ್ದ ಆಟವನ್ನು ವಾಲ್‌ಮಾರ್ಟ್‌ನಂಥ ದೊಡ್ಡ ಅಂಗಡಿಗಳು ಮಾರುವುದಿಲ್ಲ. ಪೆಟ್ಟಿಗೆಗಳು ಶೆಲ್ಫಿನಿಂದ ಇಳಿದವು. ತನಿಖೆ ಆಗಬೇಕೆಂದು ಅಮೆರಿಕದ ಸಂಸತ್ತಿನ ಕೆಳಮನೆ 355–21 ಮತಗಳಿಂದ ಗೊತ್ತುವಳಿ ಮಾಡಿತು. ಕೊನೆಗೆ ಆ ಭಾಗವನ್ನು ನಿಜವಾಗಿಯೂ ಕಿತ್ತು ಹೊಸ ಡಿಸ್ಕ್ ಅಚ್ಚು ಹಾಕಿಸಿದರು.

ಮೊದಲೇ ಕಿತ್ತಿದ್ದರೆ ಆಗುತ್ತಿತ್ತಲ್ಲ ಎಂಬುದು ನಿಮ್ಮ ಪ್ರಶ್ನೆ. ಹಳೆಯ ಮನೆಯಲ್ಲಿ ಬೇಡದ ಗೋಡೆ ಒಡೆಯುವ ಮುಂಚೆ ಮೇಲಿನ ತೊಲೆ ಅದರ ಮೇಲೆ ಕೂತಿದೆಯೇ ಎಂದು ನೋಡುತ್ತಾರಲ್ಲ, ಇಲ್ಲಿಯೂ ಅದೇ ಭಯ. ಒಂದು ಸ್ಕ್ರಿಪ್ಟ್ ಒಂದು ಅನಿಮೇಷನನ್ನು ಕರೆಯುತ್ತಿರುತ್ತದೆ. ಅದೇ ಅನಿಮೇಷನನ್ನು ಇನ್ನೆಲ್ಲೋ ಬೇರೊಂದು ಪಾತ್ರವೂ ಬಳಸುತ್ತಿರಬಹುದು. ಕಿತ್ತರೆ ಆಟ ಎಲ್ಲಿ ಕ್ರ್ಯಾಶ್ ಆಗುತ್ತದೆ ಎಂದು ಬರೆದವರಿಗೂ ಹೇಳಲು ಬರುವುದಿಲ್ಲ. ಕಿತ್ತ ಮೇಲೆ ಪರೀಕ್ಷೆ ಮೊದಲಿನಿಂದ ಆಗಬೇಕು. ಬಿಡುಗಡೆಯ ದಿನ ಹತ್ತಿರ ಬಂದಾಗ ಅದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆ ಭಾಗಕ್ಕೆ ಹೋಗುವ ಕರೆಯೊಂದನ್ನು ತಡೆದರೆ ಸಾಕು, ಆಡುವವರಿಗೆ ಅದು ಇಲ್ಲವೇ ಇಲ್ಲ. 1997ರ ‘ಗೋಲ್ಡನ್ ಐ’ ಆಟದಲ್ಲಂತೂ ತಯಾರಕರು ಪ್ರಯೋಗಕ್ಕೆಂದು ಸೇರಿಸಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರ್, ಅದರ ಹತ್ತು ಹಳೆಯ ಆಟಗಳ ಸಮೇತ ಹಾಗೆಯೇ ಉಳಿದಿತ್ತು. ಅದು ಬೆಳಕಿಗೆ ಬಂದದ್ದು 2012ರಲ್ಲಿ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಂದ ಮೊದಲ ಪೋಕೆಮಾನ್ ಆಟದ ಕತೆ. ಕಾರ್ಟ್ರಿಜ್ ತುಂಬಿ ತುಳುಕುತ್ತಿತ್ತು. ಕೊನೆಯಲ್ಲಿ ದೋಷ ಹುಡುಕುವ ಡೀಬಗ್ ಸಲಕರಣೆಗಳನ್ನು ತೆಗೆದಾಗ ಸುಮಾರು 300 ಬೈಟ್ ಜಾಗ ಖಾಲಿಯಾಯಿತು. ಯೂನಿಕೋಡ್‌ನಲ್ಲಿ ಕನ್ನಡ ಬರೆದರೆ ಅಷ್ಟರಲ್ಲಿ ನೂರು ಚಿಹ್ನೆ ಹಿಡಿಯುತ್ತವೆ, ಗುಣಿತ ಒತ್ತುಗಳೆಲ್ಲ ಸೇರಿ! ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಆ ಸಂದಿಯಲ್ಲಿ ‘ಮ್ಯೂ’ ಎಂಬ ಪುಟ್ಟ ಪ್ರಾಣಿಯನ್ನು ತೂರಿಸಿದರು. ಪರೀಕ್ಷೆಯೆಲ್ಲ ಮುಗಿದ ಮೇಲೆ ಒಂದಕ್ಷರ ಬದಲಿಸುವುದೂ ಅಪಾಯವೆಂದು ತಿಳಿದೇ ಮಾಡಿದ ಕೆಲಸ ಅದು. ಆಡುವವರ ಕೈಗೆ ಸಿಗಲಿ ಎಂಬ ಉದ್ದೇಶವೇ ಇರಲಿಲ್ಲ. ಆದರೆ ಎಣಿಸದ ದೋಷವೊಂದರಿಂದ ಮ್ಯೂ ಕೆಲವರ ಆಟದಲ್ಲಿ ಕಾಣಿಸಿಕೊಂಡು ಸುದ್ದಿ ಹಬ್ಬಿತು. ಕೊರೊಕೊರೊ ಎಂಬ ಮಕ್ಕಳ ಪತ್ರಿಕೆಯಲ್ಲಿ 20 ಜನರಿಗೆ ಮ್ಯೂ ಕೊಡುತ್ತೇವೆಂದು ಪ್ರಕಟಿಸಿದರೆ ಸುಮಾರು 78,000 ಅರ್ಜಿ ಬಂದವು. ಅದೇ ಆಟದಲ್ಲಿ ಪ್ರಾಣಿಗಳಿಗೆಂದು 190 ಸ್ಥಾನಗಳಿದ್ದು, ತುಂಬಿದ್ದು 151 ಮಾತ್ರ. ಉಳಿದ 39ರಲ್ಲಿ ಪ್ರಾಣಿ ಇಲ್ಲ, ಆದರೆ ಕೆಲವದರ ಕೂಗು ಮಾತ್ರ ಇನ್ನೂ ಇದೆ.

ಹೀಗೆ ಉಳಿದದ್ದನ್ನು ಜೋಡಿಸಿ ಆಟವನ್ನೇ ಪೂರ್ತಿ ಮಾಡಿದವರೂ ಇದ್ದಾರೆ. ಅಬ್ಸಿಡಿಯನ್ ಕಂಪನಿಯ ಸ್ಟಾರ್ ವಾರ್ಸ್ ಆಟ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2’ ಅನ್ನು 2004ರ ಡಿಸೆಂಬರ್‌ನಲ್ಲಿ ಅವಸರಪಟ್ಟು ಬಿಡುಗಡೆ ಮಾಡಿದ್ದರು. ಕತೆ ಕೊನೆಯ ಹೊತ್ತಿಗೆ ಚೂರುಚೂರಾಗಿತ್ತು. ಆದರೆ ಕಲಾವಿದರಿಂದ ಓದಿಸಿದ ಸಂಭಾಷಣೆಗಳು ಕಡತಗಳಲ್ಲೇ ಇದ್ದವು. ಅಭಿಮಾನಿಗಳು ವರ್ಷಗಟ್ಟಲೆ ಕೂತು, ದನಿಗೆ ದೃಶ್ಯ ಹೊಂದಿಸಿ, ಬಿಟ್ಟುಹೋದ ಒಂದು ರೋಬೋಟ್ ಕಾರ್ಖಾನೆಯನ್ನೂ ಆಡುವಂತೆ ಮಾಡಿದರು. ಈಗ ಆ ಆಟ ಆಡುವವರಿಗೆ ಬಲ್ಲವರು ಹೇಳುವುದೂ ಆ ಮೋಡ್ ಹಾಕಿಕೊಂಡೇ ಶುರುಮಾಡಿ ಎಂದು. ಎಲ್ಲ ಕಡೆಯೂ ಹೀಗಾಗುವುದಿಲ್ಲ ಬಿಡಿ. ಬಿಟ್ಟದ್ದರಲ್ಲಿ ಬಹುಪಾಲು ಬಿಡಲಿಕ್ಕೆ ಲಾಯಕ್ಕಾದದ್ದೇ: ಪರೀಕ್ಷೆಗೆ ಮಾಡಿದ ಬೋಳು ಕೋಣೆ, ಬಣ್ಣ ಹಚ್ಚದ ಬಂದೂಕು, ಅರ್ಧ ಹಾಡು.

ನೀವೇ ಹುಡುಕಿ ನೋಡಬೇಕೆಂದಿದ್ದರೆ, ಒಬ್ಬರೇ ಆಡುವ ಹಳೆಯ ಕಂಪ್ಯೂಟರ್ ಆಟ ತೆಗೆದುಕೊಳ್ಳಿ. ಫೋಲ್ಡರಿನ ಪ್ರತಿ ಮಾಡಿಟ್ಟುಕೊಂಡು ಸದ್ದಿನ ಕಡತಗಳಿಂದ ಶುರುಮಾಡಿ. ಎಷ್ಟೋ ಆಟಗಳಲ್ಲಿ ಅವು ನೇರವಾಗಿ ತೆರೆದುಕೊಳ್ಳುತ್ತವೆ, ಆಟದಲ್ಲಿ ಕೇಳಿರದ ಮಾತು ಸಿಕ್ಕರೆ ತಕ್ಷಣ ಗೊತ್ತಾಗುತ್ತದೆ. ಈಗಿನ ಆನ್‌ಲೈನ್ ಆಟಗಳ ಸಹವಾಸ ಬೇಡ. ಅಲ್ಲಿ ಮುಂದೆ ಬರಬೇಕಾದ ವೇಷ, ಮ್ಯಾಪುಗಳೂ ಅಪ್‌ಡೇಟ್ ಜೊತೆ ಮೊದಲೇ ಬಂದು ಕೂತಿರುತ್ತವೆ, ಹಾಗಾಗಿ ಕಂಡದ್ದೆಲ್ಲ ಬಿಟ್ಟದ್ದಲ್ಲ. ಮೇಲಾಗಿ ಕಡತ ತಿದ್ದಿದ್ದು ಗೊತ್ತಾದರೆ ನಿಮ್ಮ ಅಕೌಂಟನ್ನೇ ಬ್ಯಾನ್ ಮಾಡಿಬಿಡಬಹುದು.